ಗಾಜಿನ ಮೇಲೆ ಬರೆದ ಕೋಣೆಗಳು

ಮೊದಲ ವಾರ ನನಗೆ ಬರ್ಮಿಂಗ್‌ಹ್ಯಾಮಿನ ಹಳೆಯ ಪಬ್ಬುಗಳೆಲ್ಲ ಒಂದೇ ಥರ ಕಾಣುತ್ತಿದ್ದವು. ಕೆಂಪು ಗೋಡೆ, ರಸ್ತೆ ಮೂಲೆಗೊಂದು ಪುಟ್ಟ ಗೋಪುರ, ಒಳಗೇನಿದೆ ಅಂತ ಕಾಣದ ಹಾಗೆ ಮಬ್ಬು ಗಾಜು. ಕನ್ನಡ ಕಾದಂಬರಿಗಳಲ್ಲಿ ಬರುವ ಜಗಲಿ, ಚಾವಡಿ, ಹೋಟೆಲುಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ನಾನು ಅಲ್ಲಿಗೆ ಹೋದದ್ದು ಮೂರು ತಿಂಗಳ ಮಟ್ಟಿಗೆ, ಗ್ರಂಥಾಲಯದ ಕೆಲಸಕ್ಕೆ. ಪಬ್ಬು ನನ್ನ ವಿಷಯವೇ ಅಲ್ಲ. ಆದರೆ ಗ್ರಂಥಾಲಯದಲ್ಲಿ ಪರಿಚಯವಾದ ನಿವೃತ್ತ ಮೇಷ್ಟ್ರೊಬ್ಬರು, ಜನ ಸೇರುವ ಜಾಗಗಳ ಬಗ್ಗೆ ಓದುತ್ತಿದ್ದೇನೆಂದು ಕೇಳಿ, "ಹಾಗಾದರೆ ಕಾಗದ ಬಿಟ್ಟು ಹೊರಗೆ ಬನ್ನಿ" ಅಂದರು. ಶನಿವಾರ ಶನಿವಾರ ಅವರ ಜೊತೆ ನಡೆದೆ. ಕಟ್ಟಡದ ಹೆಸರು, ಇಸವಿ ಯಾವುದನ್ನೂ ಅವರು ಮೊದಲೇ ಹೇಳುತ್ತಿರಲಿಲ್ಲ. ಎದುರಿನ ಫುಟ್‌ಪಾತಿನಲ್ಲಿ ನಿಲ್ಲಿಸಿ, "ಯಾವಾಗಿನದು, ಯಾಕೆ ಹಾಗನ್ನಿಸಿತು" ಎಂದು ಕೇಳುವುದು ಅವರ ಪದ್ಧತಿ.

ಇದು ನನಗೆ ತೀರಾ ಹೊಸತೇನೂ ಆಗಿರಲಿಲ್ಲ. ನಮ್ಮದು ದಕ್ಷಿಣ ಕನ್ನಡದ ಹಂಚಿನ ಮನೆ. ಮಳೆಗಾಲಕ್ಕೆ ಮುಂಚೆ ಮಾಡು ಕೈಯಾಡಿಸುವಾಗ ಅಜ್ಜ ಹಂಚನ್ನು ಮಗುಚಿ ಅದರ ಮೇಲೆ ಅಚ್ಚೊತ್ತಿದ ಕಂಪನಿ ಹೆಸರು ಓದುತ್ತಿದ್ದರು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಒಂದರ ಹಿಂದೊಂದು ಕಂಪನಿ ಬಂದವಲ್ಲ, ಆ ಹೆಸರುಗಳನ್ನು ಹಿಡಿದುಕೊಂಡೇ ಯಾವ ಭಾಗ ಮೊದಲು ಕಟ್ಟಿದ್ದು, ಯಾವುದು ಆಮೇಲೆ ಸೇರಿದ್ದು ಎಂದು ಅಜ್ಜ ಹೇಳಿಬಿಡುತ್ತಿದ್ದರು. ಸುಟ್ಟ ಮಣ್ಣು ಇಸವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಬರ್ಮಿಂಗ್‌ಹ್ಯಾಮಿನಲ್ಲೂ ಮೊದಲು ನೋಡಬೇಕಾದ್ದು ಸುಟ್ಟ ಮಣ್ಣನ್ನೇ. ಆ್ಯಸ್ಟನ್ ವೆಬ್ ಮತ್ತು ಇಂಗ್ರೆಸ್ ಬೆಲ್ ವಿನ್ಯಾಸ ಮಾಡಿದ ವಿಕ್ಟೋರಿಯಾ ನ್ಯಾಯಾಲಯ 1887ರಿಂದ 1891ರ ನಡುವೆ ಎದ್ದು ನಿಂತಿತು. ಹೊರಮೈಯೆಲ್ಲ ವೇಲ್ಸಿನ ರುಆಬನ್ ಕಡೆಯ ಕೆಂಪು ಟೆರಾಕೋಟಾ. ಊರಿಗೆ ಅದರ ಹುಚ್ಚು ಹಿಡಿಯಿತು. ಕಾರಣ ಬರೀ ಚಂದವಲ್ಲ. ಸಾವಿರ ಚಿಮಣಿಗಳ ಊರಿನಲ್ಲಿ ಕಲ್ಲು ಮಸಿ ಕುಡಿದು ಕಪ್ಪಾಗುತ್ತಿತ್ತು, ಚೆನ್ನಾಗಿ ಸುಟ್ಟ ಮಣ್ಣನ್ನು ತೊಳೆಯಬಹುದಿತ್ತು. ಕಲ್ಲಿನಲ್ಲಿ ನೂರು ಹೂ ಬೇಕಾದರೆ ನೂರು ಸಲ ಕೆತ್ತಬೇಕು, ಮಣ್ಣಿಗೆ ಒಂದು ಅಚ್ಚು ಸಾಕು. ಹತ್ತು ವರ್ಷದೊಳಗೆ ಪಬ್ಬು ಕಟ್ಟಿಸುವವರೂ ನ್ಯಾಯಾಲಯದ ಬಟ್ಟೆಯನ್ನೇ ತೊಟ್ಟುಕೊಂಡರು. ಹಾಗಾಗಿ ಒಂದು ಮೂಲೆ ಪಬ್ಬು ಬುಡದಿಂದ ತಲೆಯವರೆಗೆ ಟೆರಾಕೋಟಾ ಆಗಿದ್ದರೆ 1890ರಿಂದ ಈಚಿನ ಹತ್ತು ಹದಿನೈದು ವರ್ಷ ಎಂದು ಊಹಿಸಬಹುದು. ಅದರ ಹಿಂದೆ ಜೇಮ್ಸ್ ಆ್ಯಂಡ್ ಲಿಸ್ಟರ್ ಲೀ ಎಂಬ ಸಂಸ್ಥೆಯ ಕೈ ಇದೆ ಎಂದರೆ ಬಹಳ ಸಲ ಸರಿಯಾಗುತ್ತದೆ. ಡಿಗ್ಬೆತ್ ಕಡೆಯ ವುಡ್‌ಮನ್, ಆಸ್ಟನ್ನಿನ ಬಾರ್ಟನ್ಸ್ ಆರ್ಮ್ಸ್, ಹ್ಯಾಂಡ್ಸ್‌ವರ್ತಿನ ರೆಡ್ ಲಯನ್ ಎಲ್ಲ ಅವರವೇ.

ಒಂದು ಪ್ರಶ್ನೆಗೆ ಮಾತ್ರ ಗೋಡೆ ಉತ್ತರ ಕೊಡಲಿಲ್ಲ. ಅಷ್ಟೊಂದು ದೊಡ್ಡ, ಅಷ್ಟೊಂದು ಖರ್ಚಿನ ಪಬ್ಬುಗಳು ಅದೇ ಹೊತ್ತಿಗೆ ಯಾಕೆ ಬಂದವು? ಉತ್ತರ ಲೈಸೆನ್ಸ್ ಕಚೇರಿಯಲ್ಲಿತ್ತು. 1890ರ ದಶಕದ ಕೊನೆಯಲ್ಲಿ ಆರ್ಥರ್ ಚೇಂಬರ್ಲಿನ್ ಮುಂದಾಳತ್ವದಲ್ಲಿ ಊರಿನ ಮ್ಯಾಜಿಸ್ಟ್ರೇಟರು ಬ್ರೂವರಿಗಳ ಜೊತೆ ಒಂದು ವ್ಯವಹಾರಕ್ಕೆ ಕೂತರು: ಗಲ್ಲಿಗಳೊಳಗಿನ ಸಣ್ಣ ಪಬ್ಬುಗಳ ಲೈಸೆನ್ಸ್ ಬಿಟ್ಟುಕೊಡಿ, ಮುಖ್ಯರಸ್ತೆಯಲ್ಲಿ ದೊಡ್ಡದು ಕಟ್ಟಲು ಅಡ್ಡಿಮಾಡುವುದಿಲ್ಲ. ಕಡಿಮೆ ಇರಲಿ, ಒಳ್ಳೆಯದಿರಲಿ ಎಂಬ ನೀತಿ. ಇವತ್ತು ನಾವು ಬಾಯಿಬಿಟ್ಟು ನೋಡುವ ಒಂದೊಂದು ಟೆರಾಕೋಟಾ ಅರಮನೆಯ ಹಿಂದೆಯೂ ಬಡವರ ಓಣಿಗಳಲ್ಲಿ ಬಾಗಿಲು ಹಾಕಿದ ಕೆಲವು ಅಂಗಡಿಗಳಿವೆ. ಅವುಗಳ ಗೋಡೆ ಉಳಿದಿಲ್ಲ, ಆದ್ದರಿಂದ ಅವುಗಳನ್ನು ಓದುವವರೂ ಇಲ್ಲ.

ಮೇಷ್ಟ್ರು ಎರಡನೇ ಶನಿವಾರ ಕಲಿಸಿದ್ದು ಅಳಿಲಿನ ಪಾಠ. ಹೋಲ್ಟ್ ಎಂಬ ಬ್ರೂವರಿಯ ಗುರುತು ಅಳಿಲು. 1934ರಲ್ಲಿ ಆನ್ಸೆಲ್ಸ್ ಕಂಪನಿ ಹೋಲ್ಟನ್ನು ಕೊಂಡಿತು, ಅಳಿಲು ಚೆನ್ನಾಗಿದೆಯೆಂದು ಅದನ್ನೂ ಇಟ್ಟುಕೊಂಡಿತು. ಆದ್ದರಿಂದ ಬರೀ ಅಳಿಲು ಕಂಡರೆ ಬಾಯಿ ಮುಚ್ಚಿಕೊಂಡಿರಬೇಕು. ಪಕ್ಕದಲ್ಲಿ ಹೋಲ್ಟ್ ಎಂದು ಬರೆದಿದ್ದರೆ ಮಾತ್ರ ಆ ಗಾಜು 1934ಕ್ಕಿಂತ ಹಿಂದಿನದು ಎನ್ನಬಹುದು. ಅಳಿಲಿನ ಮುಂದೆ ಆತುರಪಟ್ಟು ನಾನು ಸೋತೆ. ಶಾಸನದ ಲಿಪಿ ನೋಡಿ ಕಾಲ ಹೇಳುವವರಿಗೂ ಇದೇ ಎಚ್ಚರ ಬೇಕು, ಒಂದು ಅಕ್ಷರದ ಬಾಲ ನೋಡಿ ಶತಮಾನ ಹೇಳಬಾರದು.

ಇನ್ನು ಸುಳ್ಳು ಹೇಳುವ ಕಟ್ಟಡಗಳ ವಿಷಯ. ಡೆರಿಟೆಂಡಿನ ಓಲ್ಡ್ ಕ್ರೌನ್ ತನ್ನನ್ನು 1368ರದು ಎಂದು ಕರೆದುಕೊಳ್ಳುತ್ತದೆ. ಕಪ್ಪು ಮರದ ಚೌಕಟ್ಟು, ನಡುವೆ ಬಿಳಿ ತುಂಬು, ಕೆಳಗಿನ ಗೋಡೆಗಿಂತ ಮುಂದಕ್ಕೆ ಚಾಚಿಕೊಂಡ ಮೇಲಂತಸ್ತು. ಕಟ್ಟಡ ಹಳೆಯದೇ, ಸುಳ್ಳಲ್ಲ. ಆದರೆ ಮರಗೆಲಸದ ರೀತಿಯನ್ನು ಬಲ್ಲವರು ಅದನ್ನು 15ನೇ ಶತಮಾನದ ಉತ್ತರಾರ್ಧಕ್ಕೋ 16ರ ಆರಂಭಕ್ಕೋ ತರುತ್ತಾರೆ. 19ನೇ ಶತಮಾನದ ನಡುವಿನಲ್ಲಿ ಪುರಸಭೆ ಅದನ್ನು ಕೆಡವಲು ಹೊರಟಾಗ ತಡೆದು ನಿಂತವರು ಜೋಶುವಾ ಟೌಲ್ಮಿನ್ ಸ್ಮಿತ್. 1368 ಎಂದು ನಂಬಿದ್ದವರಲ್ಲಿ ಅವರೂ ಒಬ್ಬರು. ತಪ್ಪು ಇಸವಿಯನ್ನು ನಂಬಿದವರೇ ಸರಿಯಾದ ಕಟ್ಟಡವನ್ನು ಉಳಿಸಿದರು. ಅದೇ ಊರಿನ ದಕ್ಷಿಣ ತುದಿಯ ನಾರ್ತ್‌ಫೀಲ್ಡಿನಲ್ಲಿ ಬ್ಲ್ಯಾಕ್ ಹಾರ್ಸ್ ಇದೆ. ಅದೂ ಮರದ ಚೌಕಟ್ಟಿನದೇ, ಓಲ್ಡ್ ಕ್ರೌನಿಗಿಂತ ಎಷ್ಟೋ ದೊಡ್ಡದು, ಇನ್ನೂ 'ಹಳೆಯದು' ಅನ್ನಿಸುವಂಥದು. ಕಟ್ಟಿದ್ದು 1929ರ ಸುಮಾರಿಗೆ. ಮೊದಲ ಮಹಾಯುದ್ಧದ ನಂತರ ಪಬ್ಬಿಗೆ ಹೋಗುವುದು ಮರ್ಯಾದಸ್ಥರ ಕೆಲಸವೂ ಹೌದು ಎಂದು ತೋರಿಸಲು ಬ್ರೂವರಿಗಳು ಊರಂಚಿನಲ್ಲಿ ಇಂಥ ದೊಡ್ಡ ದೊಡ್ಡ ಮನೆಗಳನ್ನು ಕಟ್ಟಿದವು. ಕುಟುಂಬ ಸಮೇತ ಬನ್ನಿ, ಊಟ ಮಾಡಿ, ತೋಟದಲ್ಲಿ ಕೂರಿ. ಅದಕ್ಕೆ ಟ್ಯೂಡರ್ ಕಾಲದ ವೇಷ. ನಾನದನ್ನು ಮೊದಲು ನಕಲಿ ಎಂದು ತಳ್ಳಿಹಾಕಿದೆ. ಮೇಷ್ಟ್ರು ಒಪ್ಪಲಿಲ್ಲ. "ನಕಲಿಗೂ ಇಸವಿ ಇದೆಯಲ್ಲ" ಅಂದರು. ಅವರು ಹೇಳಿದ್ದು ಸರಿ. ಬ್ಲ್ಯಾಕ್ ಹಾರ್ಸ್ 1500ರ ಬಗ್ಗೆ ಏನೂ ಹೇಳುವುದಿಲ್ಲ, 1929ರವರಿಗೆ ಯಾವ ಇಂಗ್ಲೆಂಡ್ ಬೇಕಾಗಿತ್ತು ಎಂಬುದನ್ನು ಚೆನ್ನಾಗಿ ಹೇಳುತ್ತದೆ.

ಬಾರ್ಟನ್ಸ್ ಆರ್ಮ್ಸಿನ ಒಳಗೆ ಹೋದ ದಿನ ಮಾತ್ರ ನಾನು ಇಸವಿ ಹುಡುಕುವುದನ್ನು ಮರೆತೆ. 1901ರಲ್ಲಿ ಮಿಚೆಲ್ಸ್ ಆ್ಯಂಡ್ ಬಟ್ಲರ್ಸ್ ಬ್ರೂವರಿಗಾಗಿ ಕಟ್ಟಿ ಮುಗಿಸಿದ್ದು. ಗೋಡೆಯಿಡೀ ಮಿಂಟನ್ ಹಾಲಿನ್ಸ್ ಕಂಪನಿಯ ಟೈಲುಗಳು, ನೀಲಿ, ಹಸಿರು, ಜೇನಿನ ಬಣ್ಣ. ಮೆಟ್ಟಿಲ ಹತ್ತಿರ ಟೈಲುಗಳಲ್ಲೇ ಬರೆದ ಬೇಟೆಯ ದೊಡ್ಡ ಚಿತ್ರ. ಬಾರ್ ಕೌಂಟರಿನ ಮೇಲೆ, ನಿಂತವರ ಮುಖದ ಎತ್ತರಕ್ಕೆ ಸರಿಯಾಗಿ, ಪುಟ್ಟ ಪುಟ್ಟ ಮಬ್ಬುಗಾಜಿನ ಕದಗಳು, ನಡುವಿನ ಕೀಲಿನ ಮೇಲೆ ತಿರುಗುವಂಥವು. ಇವಕ್ಕೆ ಸ್ನಾಬ್ ಸ್ಕ್ರೀನ್ ಎನ್ನುತ್ತಾರೆ. ಕುಡಿಯುವವರಿಗೆ ಸರ್ವರಿನ ಕಣ್ಣು, ಎದುರಿನ ಅಗ್ಗದ ಬಾರಿನಲ್ಲಿ ನಿಂತ ತನ್ನದೇ ಕಾರ್ಖಾನೆಯ ಕೂಲಿಯವನ ಕಣ್ಣು ಬೀಳಬಾರದು. ಬೇಕೆನಿಸಿದಾಗ ಕದ ತಿರುಗಿಸಿ ಆರ್ಡರ್ ಕೊಡಬಹುದು. ಇಂಥ ಕದಗಳು ದೇಶದಲ್ಲಿ ಬೆರಳೆಣಿಕೆಯ ಪಬ್ಬುಗಳಲ್ಲಿ ಮಾತ್ರ ಉಳಿದಿವೆಯಾದ್ದರಿಂದ ಹುಡುಕಿಕೊಂಡು ಬರುವವರಿಗೆ ಇದು ತೀರ್ಥಯಾತ್ರೆ. ನಾನೂ ಒಂದನ್ನು ತಿರುಗಿಸಿದೆ. ಎಣ್ಣೆ ಹಾಕಿದಂತೆ ತಿರುಗಿತು.

ಆ ಸಂಜೆ ಅಮ್ಮನಿಗೆ ಫೋನ್ ಮಾಡಿದೆ. "ಎಂತ, ಪಬ್ಬಿಗಾ? ಒಬ್ಬಳೇನಾ?" ಅಂದರು. ಸಂಶೋಧನೆ ಅಮ್ಮ ಅಂದೆ. "ಅಪ್ಪನಿಗೆ ಹಾಗೆ ಹೇಳಲಿಕ್ಕೆ ಹೋಗಬೇಡ" ಅಂದರು. ಪಬ್ಬು ಎಂಬ ಪದ ನಮ್ಮ ಮನೆಯೊಳಗೆ ಮೊದಲು ಬಂದದ್ದೇ 2009ರ ಜನವರಿಯಲ್ಲಿ. ಮಂಗಳೂರಿನ ಪಬ್ಬೊಂದರಿಂದ ಹುಡುಗಿಯರನ್ನು ಅಟ್ಟಿಸಿಕೊಂಡು ಹೊಡೆದದ್ದನ್ನು ಟೀವಿಯವರು ದಿನವಿಡೀ ತೋರಿಸಿದರು. ನಾನಾಗ ಆರನೇ ಕ್ಲಾಸು. ಹೊಡೆದವರಿಗಿಂತ ಹೆಚ್ಚಾಗಿ, ಆ ಹುಡುಗಿಯರು ಅಲ್ಲಿಗೆ ಯಾಕೆ ಹೋಗಿದ್ದರು ಎಂಬುದೇ ನಮ್ಮ ಬಸ್ಸಿನಲ್ಲಿ, ಅಂಗಳದಲ್ಲಿ ಚರ್ಚೆ. ಹಾಗಾಗಿ ಇಂಗ್ಲೆಂಡಿನ ಹಳೆಯ ಪಬ್ಬುಗಳಲ್ಲಿ 'ಸ್ನಗ್' ಎಂಬ ಗೂಡಿನಂಥ ಕೋಣೆ ಇತ್ತು, ಹೆಂಗಸರು ಯಾರ ಕಣ್ಣಿಗೂ ಬೀಳದೆ ಕೂತು ಕುಡಿಯುತ್ತಿದ್ದುದು ಅಲ್ಲಿ ಎಂದು ಮೇಷ್ಟ್ರು ವಿವರಿಸಿದಾಗ ನನಗೆ ಕಂಡದ್ದು ನಮ್ಮ ಹೋಟೆಲುಗಳ 'ಫ್ಯಾಮಿಲಿ ರೂಂ' ಬೋರ್ಡು. ಪರದೆಯ ಬಟ್ಟೆ, ಪ್ಲೈವುಡ್ ಗೋಡೆ, ಒಳಗೊಂದು ಫ್ಯಾನು. ಮಬ್ಬು ಗಾಜಿನ ಅಂದ ಅದಕ್ಕಿಲ್ಲ ಅಷ್ಟೆ.

ಈ ಕಲೆಯ ಒಳ್ಳೆಯ ಪುಸ್ತಕಗಳ ವಿಷಯಕ್ಕೆ ಬರುತ್ತೇನೆ. ಮಾರ್ಕ್ ಜಿರುವಾರ್ಡ್ ಬರೆದ 'ವಿಕ್ಟೋರಿಯನ್ ಪಬ್ಸ್' 1975ರಲ್ಲಿ ಬಂತು. ಬರ್ಮಿಂಗ್‌ಹ್ಯಾಮಿನ ಮಟ್ಟಿಗೆ ಮುಖ್ಯವಾದದ್ದು ಅಲನ್ ಕ್ರಾಫರ್ಡ್, ಮೈಕೆಲ್ ಡನ್, ರಾಬರ್ಟ್ ಥಾರ್ನ್ ಸೇರಿ 1986ರಲ್ಲಿ ತಂದ 'ಬರ್ಮಿಂಗ್‌ಹ್ಯಾಮ್ ಪಬ್ಸ್ 1880–1939'. ಊರಿನ ಎಲ್ಲ ಕಟ್ಟಡಗಳ ನಡುವೆ ಪಬ್ಬುಗಳನ್ನಿಟ್ಟು ನೋಡಬೇಕೆಂದರೆ ಪೆವ್ಸ್ನರ್ ಮಾಲೆಯಲ್ಲಿ ಆ್ಯಂಡಿ ಫಾಸ್ಟರ್ ಬರೆದ ಕೈಪಿಡಿಗಳು. ಇವನ್ನು ಬರೆದವರು ಕಟ್ಟಡಗಳು ದಿನಕ್ಕೊಂದು ಉರುಳುತ್ತಿದ್ದ ಕಾಲದ ಭಯದಿಂದ, ಇಲ್ಲವೇ ಆ ಭಯದ ನೆನಪಿನಿಂದ ಬರೆದವರು. ವರ್ಗಭೇದದ ಬಗ್ಗೆ ಕುರುಡರೂ ಅಲ್ಲ. ಪಬ್ಲಿಕ್ ಬಾರಿನಲ್ಲಿ ಮರದ ಬೆಂಚು, ಸ್ಮೋಕ್ ರೂಮಿನಲ್ಲಿ ಮೆತ್ತೆ. ಅದೇ ಬಿಯರಿಗೆ ಅಲ್ಲಿ ಒಂದು ಬೆಲೆ, ಇಲ್ಲಿ ಸ್ವಲ್ಪ ಹೆಚ್ಚು ಎಂಬುದು ಈ ವಿಷಯ ಓದಿದ ಯಾರಿಗೂ ಗೊತ್ತಿರುವುದೇ.

ಈ ಜ್ಞಾನದ ಬಲವೂ ಸಣ್ಣದಲ್ಲ. ಲಂಡನ್ನಿನ ಕಿಲ್ಬರ್ನಿನ ಕಾರ್ಲ್ಟನ್ ಟ್ಯಾವರ್ನನ್ನು 2015ರ ಏಪ್ರಿಲಿನಲ್ಲಿ ಅದರ ಮಾಲೀಕರು ಅನುಮತಿಯಿಲ್ಲದೆ ಕೆಡವಿಬಿಟ್ಟರು, ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸುವ ಯೋಚನೆ ನಡೆಯುತ್ತಿದ್ದಾಗಲೇ. ಆದರೆ ಆ ಪರಿಶೀಲನೆಗಾಗಿ ಅದರ ಟೈಲು, ಇಟ್ಟಿಗೆ, ಚಾವಣಿಯ ವಿವರ ದಾಖಲಾಗಿತ್ತು. ಇದ್ದ ಹಾಗೆಯೇ ಕಟ್ಟಿಕೊಡಿ ಎಂದು ಸ್ಥಳೀಯ ಆಡಳಿತ ಆದೇಶಿಸಿತು. 2021ರಲ್ಲಿ ಪಬ್ಬು ಮತ್ತೆ ಬಾಗಿಲು ತೆರೆಯಿತು. ಬರ್ಮಿಂಗ್‌ಹ್ಯಾಮಿನಿಂದ ತುಸು ದೂರದ ಹಿಮ್ಲಿಯಲ್ಲಿ, ಗಣಿಗಾರಿಕೆಯಿಂದ ನೆಲ ಕುಸಿದು ವಾಲಿಕೊಂಡೇ ನಿಂತಿದ್ದ ಕ್ರೂಕೆಡ್ ಹೌಸ್ 2023ರ ಆಗಸ್ಟಿನಲ್ಲಿ ಬೆಂಕಿಗೆ ಸಿಕ್ಕಿ ಎರಡೇ ದಿನದಲ್ಲಿ ನೆಲಸಮವಾದಾಗ ಜನ ಹಿಡಿದುಕೊಂಡದ್ದು ಇದೇ ಉದಾಹರಣೆಯನ್ನು. ಒಂದು ಟೈಲಿನ ಅಂಚಿನ ಬಳ್ಳಿ ಹೇಗಿತ್ತು ಎಂದು ಬರೆದಿಟ್ಟವರು ಇಲ್ಲದಿದ್ದರೆ 'ಇದ್ದ ಹಾಗೆ' ಎಂಬ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ.

ನನ್ನ ತಕರಾರು ಬೇರೆ. ಆ 1986ರ ಪುಸ್ತಕದ ಹೆಸರನ್ನೇ ಇನ್ನೊಮ್ಮೆ ನೋಡಿ: 1880ರಿಂದ 1939. ಕಟ್ಟಿದ್ದು ಮುಗಿದಲ್ಲಿಗೆ ಕಥೆ ಮುಗಿಯುತ್ತದೆ. ಕಟ್ಟಡ ಓದುವ ಈ ಇಡೀ ಕಲೆ ಕಟ್ಟಡದ ಜನ್ಮದಿನವನ್ನು ಹುಡುಕುವ ಕಲೆ. ಆಮೇಲಿನ ವರ್ಷಗಳು ಅದರ ಲೆಕ್ಕದಲ್ಲಿ ಎರಡೇ ಬಗೆಯವು, 'ಮೂಲ ಉಳಿದಿದೆ' ಮತ್ತು 'ಮೂಲ ಹಾಳಾಗಿದೆ'. ಪಟ್ಟಿಗಳ ಭಾಷೆಯೂ ಇದೇ. ಬಾಗಿಲ ಗಾಜಿನಲ್ಲಿ 'ಸ್ಮೋಕ್ ರೂಂ' ಎಂಬ ಅಕ್ಷರ ಉಳಿದಿದ್ದರೆ ಅದು ಆ ಪಬ್ಬಿನ ಅಂಕ ಹೆಚ್ಚಿಸುವ ವಿವರ. ಆ ಬಾಗಿಲನ್ನು ತಳ್ಳಿದವರಲ್ಲಿ ಯಾರನ್ನು ಒಳಗೆ ಬಿಟ್ಟರು, ಯಾರನ್ನು ಬಿಡಲಿಲ್ಲ ಎಂಬುದು ವಿವರವಾಗುವುದಿಲ್ಲ.

ಬಿಡದೇ ಇದ್ದದ್ದಕ್ಕೆ ಇಸವಿ, ತಾರೀಕು ಎರಡೂ ಇವೆ. ಬರ್ಮಿಂಗ್‌ಹ್ಯಾಮಿನ ಪಶ್ಚಿಮಕ್ಕೆ ಅಂಟಿಕೊಂಡ ಸ್ಮೆದಿಕ್, ಎರಕದ ಕಾರ್ಖಾನೆಗಳ ಊರು. ಮಿಚೆಲ್ಸ್ ಆ್ಯಂಡ್ ಬಟ್ಲರ್ಸ್‌ನ ಕೇಪ್ ಹಿಲ್ ಬ್ರೂವರಿ ಇದ್ದದ್ದೂ ಅಲ್ಲೇ. 1950ರ ದಶಕದಿಂದ ಪಂಜಾಬಿನವರು ಆ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದರು. ಕೆಲಸ ಮುಗಿಸಿ ಪಬ್ಬಿಗೆ ಹೋದರೆ ಕೆಲವು ಕಡೆ ಬಾಗಿಲಲ್ಲೇ ಇಲ್ಲ ಎಂದರು, ಕೆಲವು ಕಡೆ ಬಾರಿನಲ್ಲಿ ಕೊಡುತ್ತೇವೆ, ಸ್ಮೋಕ್ ರೂಮಿಗೆ ಬರಬೇಡಿ ಎಂದರು. ವರ್ಣಭೇದಕ್ಕೆ ಹೊಸ ಗೋಡೆ ಕಟ್ಟಬೇಕಾಗಿ ಬರಲಿಲ್ಲ. ಮಾಲೀಕನನ್ನು ಕೂಲಿಯವನಿಂದ ಬೇರೆ ಮಾಡಲು ವಿಕ್ಟೋರಿಯಾ ಕಾಲದವರು ಎಬ್ಬಿಸಿದ ವಿಭಾಗಗಳ ಪದ್ಧತಿಯೇ ಸಿದ್ಧವಾಗಿತ್ತು. 1965ರ ಫೆಬ್ರವರಿ 12ರಂದು ಇಂಡಿಯನ್ ವರ್ಕರ್ಸ್ ಅಸೋಸಿಯೇಶನ್ನಿನ ಅವತಾರ್ ಸಿಂಗ್ ಜೌಹಲ್, ಊರಿಗೆ ಬಂದಿದ್ದ ಮಾಲ್ಕಮ್ ಎಕ್ಸ್ ಅವರನ್ನು ಸ್ಮೆದಿಕ್ಕಿನ ಬ್ಲೂ ಗೇಟ್ಸ್ ಎಂಬ ಪಬ್ಬಿಗೆ ಕರೆದುಕೊಂಡು ಹೋದರು. ಜೌಹಲ್ ಆಮೇಲೆ ನೆನಪಿಸಿಕೊಂಡಂತೆ ಸ್ಮೋಕ್ ರೂಮಿನಲ್ಲಿ ಅವರಿಗೆ ಕೊಡಲಿಲ್ಲ, ಬಾರಿಗೆ ಹೋಗಿ ಎಂದರು. ಒಂಬತ್ತು ದಿನಗಳ ನಂತರ ನ್ಯೂಯಾರ್ಕಿನಲ್ಲಿ ಮಾಲ್ಕಮ್ ಎಕ್ಸ್ ಕೊಲೆಯಾಯಿತು. ಸಾರ್ವಜನಿಕ ಸ್ಥಳಗಳಲ್ಲಿ ಇಂಥ ಭೇದ ಕಾನೂನುಬಾಹಿರವಾದದ್ದು ಅದೇ ವರ್ಷದ ಕೊನೆಗೆ ಬಂದ ಕಾಯಿದೆಯಿಂದ.

ಇದನ್ನು ತಿಳಿದ ಮೇಲೆ ಆ ಸುಂದರ ಅಕ್ಷರಗಳನ್ನು ನೋಡುವ ನನ್ನ ರೀತಿ ಬದಲಾಯಿತು. ಗಾಜಿನ ಮೇಲೆ ಆಸಿಡ್ಡಿನಿಂದ ಕೊರೆದ, ಸುತ್ತ ಬಳ್ಳಿ ಬಿಟ್ಟ 'ಸ್ಮೋಕ್ ರೂಂ' ಈಗ ನನಗೆ ಮೊದಲು ಒಂದು ಬೋರ್ಡು, ಆಮೇಲೆ ಕಲೆ. ಕೆಡವಿಹಾಕಬೇಕು ಅನ್ನುತ್ತಿಲ್ಲ. ಉಳಿಸಬೇಕು ಅನ್ನುವುದಕ್ಕೆ ನನಗೆ ಈಗ ಇನ್ನೊಂದು ಕಾರಣವೂ ಇದೆ. ಮರ, ಗಾಜು ಹೋದರೆ ಯಾರು ಎಲ್ಲಿ ನಿಲ್ಲಬೇಕಿತ್ತು ಎಂಬ ನಕ್ಷೆಯೂ ಹೋಗುತ್ತದೆ. ನಮ್ಮಲ್ಲಿ ಹಳ್ಳಿಯ ಹೋಟೆಲಿನ ಹೊರಗೆ ಬೇರೆಯಾಗಿ ಇಡುತ್ತಿದ್ದ ಲೋಟಗಳನ್ನು ಯಾವ ಮ್ಯೂಸಿಯಂನಲ್ಲಿ ನೋಡಿದ್ದೀರಿ? ಲೋಟ ಬೇರೆ ಇಟ್ಟವರಿಗೆ ಅದು ಸಾಕ್ಷಿಯಾಗಿ ಉಳಿಯುವುದು ಬೇಕಿರಲಿಲ್ಲ.

ಕಟ್ಟಿದ ಮೇಲಿನ ಬದುಕನ್ನು ಬರೆದ ಪುಸ್ತಕವೂ ಈಗ ಇದೆ, ಡೇವಿಡ್ ಜೇಸುದಾಸನ್ ಅವರ 'ದೇಸಿ ಪಬ್ಸ್', 2023. ವರ್ಣಭೇದದ ದಿನಗಳಿಂದ ಹಿಡಿದು ಭಾರತೀಯ ಮೂಲದವರೇ ಪಬ್ಬಿನ ಮಾಲೀಕರಾಗಿ ಬಿಯರಿನ ಜೊತೆ ಮಿಕ್ಸೆಡ್ ಗ್ರಿಲ್ ಕೊಡಲು ಶುರುಮಾಡಿದವರೆಗಿನ ಕಥೆ. ಹೆಂಚು ಟೈಲುಗಳಿಗಿಂತ ಜನರೇ ಅದರಲ್ಲಿ ಹೆಚ್ಚು. ಓದಿ ಖುಷಿಯಾಯಿತು; ಆದರೂ ಕಟ್ಟಡದ ಪುಸ್ತಕಗಳು ಒಂದು ಕಪಾಟಿನಲ್ಲಿ, ಜನರ ಪುಸ್ತಕ ಇನ್ನೊಂದು ಕಪಾಟಿನಲ್ಲಿ ಇರುವುದು ನನಗೆ ಇಷ್ಟವಾಗಲಿಲ್ಲ. ಗಾಜು, ಗ್ರಿಲ್ಲು ಎರಡೂ ಇರುವುದು ಒಂದೇ ಕೋಣೆಯಲ್ಲಿ. ಹ್ಯಾಂಡ್ಸ್‌ವರ್ತಿನ ಸೋಹೊ ರೋಡಿನಲ್ಲಿ ರೆಡ್ ಲಯನ್ನಿನ ಎದುರು ನಿಂತರೆ ಈ ಬಿರುಕು ಕಣ್ಣಿಗೇ ಕಾಣುತ್ತದೆ. ಗ್ರೇಡ್ 2 ಸ್ಟಾರ್ ದರ್ಜೆಯ ಕಟ್ಟಡ, ನಾನು ನೋಡಿದಾಗ ಬಾಗಿಲು ಹಾಕಿತ್ತು. ಸುತ್ತ ರಸ್ತೆ ತುಂಬ ಸೀರೆ, ಚಿನ್ನ, ಜಿಲೇಬಿ ಅಂಗಡಿಗಳು, ಕಾಲಿಡಲು ಜಾಗವಿಲ್ಲ. ಅದನ್ನು ಉಳಿಸುವ ಪತ್ರಗಳಲ್ಲಿ ಟೆರಾಕೋಟಾದ ಬಗ್ಗೆ ಎಷ್ಟು ಸಾಲಿರುತ್ತವೋ ಅಷ್ಟು ಈ ರಸ್ತೆಯ ಬಗ್ಗೆಯೂ ಇರಲಿ ಅನ್ನಿಸಿತು.

ಕೊನೆಯ ಶನಿವಾರ ಮೇಷ್ಟ್ರನ್ನು ನಾನೇ ಸ್ಮೆದಿಕ್ಕಿನ ಒಂದು ದೇಸಿ ಪಬ್ಬಿಗೆ ಕರೆದುಕೊಂಡು ಹೋದೆ. ಬಾಗಿಲ ಗಾಜು ಹಳೆಯದೇ, ಅಕ್ಷರ ಸಹ ಇತ್ತು. ಸ್ಮೋಕ್ ರೂಮಿನ ಕಿಟಕಿಯ ಮೇಲಿನ ಬಣ್ಣದ ಗಾಜನ್ನು ತೆಗೆದು, ಅಲ್ಯೂಮಿನಿಯಂ ತಗಡು ಹೊಡೆದು, ಅದರೊಳಗಿಂದ ಅಡುಗೆಮನೆಯ ಹೊಗೆಕೊಳವೆಯನ್ನು ಹೊರಗೆ ಬಿಟ್ಟಿದ್ದರು. ಮೇಷ್ಟ್ರ ಮುಖ ಬಾಡಿತು. ಪಕ್ಕದ ಮೇಜಿನಲ್ಲಿ ಪೇಟ ಸುತ್ತಿದ ಹಿರಿಯರೊಬ್ಬರು ಕೂತಿದ್ದರು. ಬಂದ ಹೊಸತರಲ್ಲಿ ಎಲ್ಲಿ ಕೂರುತ್ತಿದ್ದಿರಿ ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಗೋಡೆಯಾಚೆಯ ಬಾರಿನ ಕಡೆ ಕೈ ತೋರಿಸಿ, "ಅಲ್ಲಿ, ಬೇಟಾ, ಇಪ್ಪತ್ತು ವರ್ಷ" ಅಂದರು. ಇಲ್ಲಿಗೆ ಬರತೊಡಗಿದ್ದು ಯಾವಾಗ ಎಂದರೆ ನಕ್ಕು ಕೊಳವೆ ತೋರಿಸಿದರು.

ಮೇಷ್ಟ್ರು ನೋಟುಪುಸ್ತಕ ತೆಗೆದು ರೂಢಿಯಂತೆ ಬರೆದುಕೊಳ್ಳುತ್ತಿದ್ದರು. ಬಾಗಿಲು, ಮೂಲ. ಕೌಂಟರ್, ಮೂಲ. ಕಿಟಕಿಯ ಮೇಲ್ಭಾಗದ ಗಾಜು, ಕಳೆದುಹೋಗಿದೆ. ಕೊಳವೆಯನ್ನೂ ಬರೆಯಿರಿ ಅಂದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, "ಇಸವಿ?" ಅಂದರು. ಗ್ರಿಲ್ಲಿನ ಹಿಂದಿನಿಂದ ಮಾಲೀಕರು, ಮಗಳು ಹುಟ್ಟಿದ ವರ್ಷ ಹಾಕಿಸಿದ್ದು, 98 ಅಂದರು. ಒಳಗಿನಿಂದ ಅವರ ಹೆಂಡತಿ 99 ಎಂದು ಕೂಗಿದರು. ಮೇಷ್ಟ್ರು 'ಸುಮಾರು 1998' ಎಂದು ಬರೆದು, ಕೆಳಗೊಂದು ಗೆರೆ ಎಳೆದರು.